ಬೆನ್ನಿನಿಂದ ಇಳಿದ ಮರಿಗಳು

ಮರಗಳಿಗಿಂತ ಬಂಡೆಗಳೇ ಹೆಚ್ಚಾಗಿದ್ದ ಒಂದು ಕಾಡಿನಲ್ಲಿ ಭರಮವ್ವ ಎಂಬ ಕರಡಿ ವಾಸವಾಗಿದ್ದಳು. ಅವಳಿಗೆ ಇಬ್ಬರು ಮಕ್ಕಳು. ಮಗಳು ನಿಂಗಿ, ಮಗ ಹುಲುಗ. ಮಕ್ಕಳನ್ನು ಬೆನ್ನಿನ ಮೇಲೆ ಹೊತ್ತು ತಿರುಗುವುದು ಕರಡಿಗಳ ವಂಶದಲ್ಲಿ ಹಿಂದಿನಿಂದ ಬಂದ ಪದ್ಧತಿ. ತಾಯಿಯ ಬೆನ್ನಿನ ಜೂಲನ್ನು ಮುಷ್ಟಿಯಲ್ಲಿ ಹಿಡಿದು ಕುಳಿತ ಮರಿ ಬಿರುಗಾಳಿ ಬೀಸಿದರೂ ಬೀಳುವುದಿಲ್ಲ. ಮರಿಗೆ ಏಳೆಂಟು ತಿಂಗಳಾಯಿತೆಂದರೆ ತಾಯಂದಿರು ಇಳಿಸಿ ನಡೆಸುತ್ತಾರೆ. ಭರಮವ್ವ ಮಾತ್ರ ಹತ್ತು ತಿಂಗಳು ತುಂಬಿದರೂ ಇಳಿಸಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಅವಳ ಹಿಂದಿನ ಸಲದ ಮರಿ ಬೆನ್ನ ಹಿಂದೆಯೇ ನಡೆದು ಬರುತ್ತಿದ್ದಾಗ ಒಂದು ತಿರುವಿನಲ್ಲಿ ಕತ್ತೆಕಿರುಬದ ಪಾಲಾಗಿತ್ತು. ಅವಳು ತಿರುಗಿ ನೋಡುವಷ್ಟರಲ್ಲಿ ದಾರಿ ಬರಿದಾಗಿತ್ತು. ಇನ್ನು ಮುಂದೆ ಹುಟ್ಟುವ ಮಕ್ಕಳ ಕಾಲು ನೆಲಕ್ಕೆ ತಾಗಬಾರದೆಂದು ಅವಳು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು.

ಹುಟ್ಟಿದ ಹೊಸದರಲ್ಲಿ ಇಬ್ಬರನ್ನೂ ಹೊರುವುದು ಹೂವು ಮುಡಿದಷ್ಟೇ ಸುಲಭವಾಗಿತ್ತು. ಈಗ ಒಬ್ಬೊಬ್ಬರೂ ಒಂದೊಂದು ಗುಂಡುಕಲ್ಲಿನಂತಾಗಿದ್ದರು. ಗುಡ್ಡ ಹತ್ತುವಾಗ ಭರಮವ್ವನಿಗೆ ಏದುಸಿರು ಬರುತ್ತಿತ್ತು. ಮರ ಹತ್ತಿ ಜೇನು ಕೀಳುವುದಂತೂ ನಿಂತೇ ಹೋಗಿತ್ತು. ಆದರೂ ಅವಳು ಸೊಲ್ಲೆತ್ತಲಿಲ್ಲ. ತನ್ನಷ್ಟು ಜೋಪಾನವಾಗಿ ಮಕ್ಕಳನ್ನು ಸಾಕಿದವರು ಈ ಕಾಡಿನಲ್ಲಿ ಇನ್ನೊಬ್ಬರಿಲ್ಲ ಎಂಬ ಹೆಮ್ಮೆ ಅವಳ ಆಯಾಸಕ್ಕಿಂತ ದೊಡ್ಡದಾಗಿತ್ತು.

ಪಕ್ಕದ ದಿಬ್ಬದ ಬಿಲದಲ್ಲಿ ಸಂಕವ್ವ ಎಂಬ ಮುಳ್ಳುಹಂದಿ ಇದ್ದಳು. ವಯಸ್ಸಾದವಳು, ಶಿಸ್ತಿನವಳು. ಅವಳ ಬಿಲದ ಬಾಗಿಲಲ್ಲಿ ಒಂದು ಒಣ ಎಲೆಯೂ ಬಿದ್ದಿರುತ್ತಿರಲಿಲ್ಲ. ಬಂದವರು ಹೊರಗೆ ನಿಂತು ತಮ್ಮ ಹೆಸರು ಹೇಳಬೇಕು. ಅವಳು ಬನ್ನಿ ಎಂದ ಮೇಲೆಯೇ ಒಳಗೆ ಹೋಗಬೇಕು. ಆನೆಯೇ ಬಂದರೂ ಅವಳ ನಿಯಮ ಅದೇ ಎಂದು ಕಾಡಿನಲ್ಲಿ ತಮಾಷೆ ಮಾಡುತ್ತಿದ್ದರು. ಆನೆ ಆ ಬಿಲದೊಳಗೆ ಹಿಡಿಸುವುದಿಲ್ಲ ಎಂಬುದು ಬೇರೆ ಮಾತು.

ಒಂದು ಬೆಳಿಗ್ಗೆ ಭರಮವ್ವ ಏದುಸಿರು ಬಿಡುತ್ತ ದಿಬ್ಬ ಹತ್ತಿ ಬರುವುದನ್ನು ಸಂಕವ್ವ ನೋಡಿದಳು.

"ಭರಮವ್ವ, ಬೆನ್ನ ಮೇಲೆ ಏನದು, ಎರಡು ಕೋಣಗಳೇ?"

"ನನ್ನ ಮಕ್ಕಳು, ಸಂಕಕ್ಕ."

"ಹೌದಾ. ಕಾಲು ಕಾಣಿಸುತ್ತಿವೆಯಲ್ಲ, ಅದಕ್ಕೇ ಕೇಳಿದೆ. ಕಾಲಿರುವ ಮಕ್ಕಳು ನಡೆಯುತ್ತವೆ ಅಂತ ನಮ್ಮ ಕಾಲದಲ್ಲಿ ಅಂದುಕೊಂಡಿದ್ದೆವು."

ಭರಮವ್ವನ ಮುಖ ಬಿಗಿಯಿತು. "ನಡೆದ ಒಂದು ಮಗುವನ್ನು ಕಳೆದುಕೊಂಡಿದ್ದೇನೆ. ನಿಮಗೆ ಗೊತ್ತಿದೆ."

ಸಂಕವ್ವನ ಮುಳ್ಳುಗಳು ತಗ್ಗಿದವು. "ಗೊತ್ತಿದೆ ಕಣಮ್ಮ. ಅದು ನಡೆದದ್ದರಿಂದ ಹೋಗಲಿಲ್ಲ. ನಡೆಯುವುದನ್ನಷ್ಟೇ ಕಲಿತಿತ್ತು, ಹತ್ತುವುದನ್ನು ಇನ್ನೂ ಕಲಿತಿರಲಿಲ್ಲ. ಇವು ಎರಡನ್ನೂ ಕಲಿತಿಲ್ಲ. ನೀನು ಒಂದು ದಿನ ಕಾಲು ಉಳುಕಿಸಿಕೊಂಡರೆ ಇವುಗಳ ಗತಿ ಏನು?"

ಭರಮವ್ವ ಮುಂದೆ ನಡೆದುಬಿಟ್ಟಳು. ಹಿಂದಿನಿಂದ ಸಂಕವ್ವ ಇನ್ನೊಂದು ಮಾತು ಸೇರಿಸಿದಳು. "ಇನ್ನೊಂದು ಕೇಳಿಸಿಕೋ. ನೀನು ಬಾಯಿ ತೆರೆದರೆ ಗುಡುಗುತ್ತೀಯ. ಮಕ್ಕಳು ಬಾಯಿ ಬಿಡುವಾಗ ತಾಯಿಯಾದವಳು ಬಾಯಿ ಮುಚ್ಚಿರಬೇಕು."

ಬೇಡದ ಬುದ್ಧಿವಾದ ಬೇವಿಗಿಂತ ಕಹಿ. ಆದರೆ ಅದೇ ದಿನ ಮಧ್ಯಾಹ್ನ ಭರಮವ್ವನಿಗೆ ಬೆಲ್ಲದಂಥ ಮಾತು ಸಿಕ್ಕಿತು. ಹೇಳಿದವನು ಸಾತಪ್ಪ ಎಂಬ ನರಿ.

"ತಾಯಿ ಅಂದರೆ ನಿಮ್ಮ ಹಾಗಿರಬೇಕು, ಭರಮಕ್ಕ," ಎಂದ ಸಾತಪ್ಪ, ದೂರದಲ್ಲೇ ಬಾಲ ಮಡಚಿ ಕುಳಿತು. "ಕೆಳಗಿನ ಗವಿಯ ಕರಡಿಯನ್ನು ನೋಡಿ. ಮಕ್ಕಳನ್ನು ಬಂಡೆಯಿಂದ ಬಂಡೆಗೆ ಹಾರಲು ಬಿಟ್ಟಿದ್ದಾಳೆ. ಒಬ್ಬನ ಮೊಣಕಾಲು ತರಚಿಹೋಗಿದೆ. ನಿಮ್ಮ ಮಕ್ಕಳ ಪಾದ ಆಗತಾನೇ ಬಿಟ್ಟ ಚಿಗುರಿನ ಹಾಗಿವೆ."

"ನೆಲ ತುಳಿದಿದ್ದರೆ ತಾನೇ," ಎಂದಳು ಭರಮವ್ವ. ಅವಳ ಕಿವಿಗಳು ಸಂತೋಷದಿಂದ ನೆಟ್ಟಗಾಗಿದ್ದವು.

"ತುಳಿಸಲೂಬೇಡಿ. ಚಿರತೆ, ಕತ್ತೆಕಿರುಬ ಅಂತ ಹೇಳಿ ಹೆದರಿಸಲೂಬೇಡಿ. ಎಳೆಯ ಮನಸ್ಸು, ಕನಸಿನಲ್ಲಿ ಬೆಚ್ಚಿಬೀಳುತ್ತವೆ. ನೀವಿರುವಾಗ ಅವಕ್ಕೆ ಅದೆಲ್ಲ ಯಾಕೆ?"

ಅಂದಿನಿಂದ ಸಾತಪ್ಪ ದಿನವೂ ಬರತೊಡಗಿದ. ದಿನವೂ ಹೊಗಳಿದ. ಮಕ್ಕಳು ಅವನನ್ನು ನರಿಮಾವ ಎಂದು ಕರೆಯುವಷ್ಟು ಬಳಕೆಯಾಯಿತು.

ಇಲ್ಲಿ ಕರಡಿಗಳ ಊಟದ ಬಗ್ಗೆ ಒಂದು ಮಾತು ಹೇಳಲೇಬೇಕು. ಕರಡಿ ಹುತ್ತವನ್ನು ಉಗುರಿನಿಂದ ಒಡೆದು, ಮೂತಿಯನ್ನು ಒಳಗಿಟ್ಟು, ಜೋರಾಗಿ ಉಸಿರೆಳೆದು ಗೆದ್ದಲನ್ನು ಹೀರುತ್ತದೆ. ಹೀರುವ ಸದ್ದು ಆಚೆಯ ಗುಡ್ಡಕ್ಕೂ ಕೇಳಿಸುತ್ತದೆ. ಹೀರುವ ಕರಡಿಗೆ ಮಾತ್ರ ಬೇರೆ ಏನೂ ಕೇಳಿಸುವುದಿಲ್ಲ. ತಲೆ ಕೆಳಗಾಗಿ ಬೆನ್ನು ಇಳಿಜಾರಾಗುವುದರಿಂದ ಮರಿಗಳು ಕೂರಲೂ ಆಗುವುದಿಲ್ಲ. ಹಾಗಾಗಿ ಊಟದ ಹೊತ್ತಿನಲ್ಲಿ ಭರಮವ್ವ ಇಬ್ಬರನ್ನೂ ಹುತ್ತದ ಪಕ್ಕದ ಇಪ್ಪೆ ಮರದ ಬುಡದಲ್ಲಿ ಕೂರಿಸುತ್ತಿದ್ದಳು. ಕೆಳಗೆ ಮೆತ್ತನೆಯ ಎಲೆ ಹಾಸುವುದನ್ನು ಮರೆಯುತ್ತಿರಲಿಲ್ಲ.

ಸಾತಪ್ಪನಿಗೆ ಇದೆಲ್ಲ ಚೆನ್ನಾಗಿ ತಿಳಿದಿತ್ತು.

ಒಂದು ಸಂಜೆ ಭರಮವ್ವ ಹುಲುಗನ ಎದೆಯ ಕೂದಲನ್ನು ನೆಕ್ಕಿ ಒಪ್ಪ ಮಾಡುತ್ತಿದ್ದಳು. ನಾಲಿಗೆಗೆ ಏನೋ ಗಟ್ಟಿಯಾದದ್ದು ಸಿಕ್ಕಿತು. ಉಗುಳಿ ನೋಡಿದರೆ ಕಪ್ಪಗೆ ಹೊಳೆಯುವ ಸೀತಾಫಲದ ಬೀಜ. ಈ ವರ್ಷ ಅವಳು ಮಕ್ಕಳಿಗೆ ಸೀತಾಫಲ ತಿನ್ನಿಸಿಯೇ ಇರಲಿಲ್ಲ. ಆ ಗಿಡಗಳಿದ್ದ ಕಡಿದಾದ ಇಳಿಜಾರನ್ನು ಇಬ್ಬರನ್ನು ಹೊತ್ತು ಇಳಿಯುವುದು ಅವಳಿಂದ ಆಗುತ್ತಿರಲಿಲ್ಲ.

"ಇದು ಎಲ್ಲಿಂದ ಬಂತು?"

ಹುಲುಗ ತಲೆ ತಗ್ಗಿಸಿದ. ಭರಮವ್ವನ ಗಂಟಲಲ್ಲಿ ಗುಡುಗು ಹುಟ್ಟಿತು. ಅಷ್ಟರಲ್ಲಿ ಸಂಕವ್ವನ ಮಾತು ನೆನಪಾಯಿತು. ಒಪ್ಪಿಗೆಯಿಂದಲ್ಲ, ಸಿಟ್ಟಿನಿಂದಲೇ ನೆನಪಾಯಿತು. ಆದರೂ ಅವಳು ಬಾಯಿ ಮುಚ್ಚಿದಳು. ಒಂದು ಗಳಿಗೆ ಕಳೆಯಿತು. ಎರಡು ಗಳಿಗೆ ಕಳೆಯಿತು. ಅವ್ವ ಗುಡುಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಿಂಗಿ ಮೆಲ್ಲಗೆ ಹೇಳಿದಳು.

"ನರಿಮಾವ ಕೊಟ್ಟ. ನೀನು ಹುತ್ತದಲ್ಲಿ ತಲೆ ಇಟ್ಟಿರುವಾಗ ದಿನಾ ಕೊಡುತ್ತಾನೆ. ಅವ್ವನಿಗೆ ಹೇಳಬೇಡಿ, ಇದು ನಮ್ಮ ನಮ್ಮಲ್ಲೇ ಇರಲಿ ಅಂದ."

"ಬರೀ ಹಣ್ಣು ಕೊಡುತ್ತಾನೋ, ಮಾತೂ ಆಡುತ್ತಾನೋ?"

"ಆಟ ಆಡಿಸುತ್ತಾನೆ," ಎಂದ ಹುಲುಗ. ಅವನಿಗೂ ಧೈರ್ಯ ಬಂದಿತ್ತು. "ದೂರದಲ್ಲಿ ಹಣ್ಣು ಇಟ್ಟು ಓಡಿ ಬನ್ನಿ ಅನ್ನುತ್ತಾನೆ. ನಾವು ಎರಡು ಹೆಜ್ಜೆಗೆ ಬೀಳುತ್ತೇವೆ. ಅವನು ನಗುತ್ತಾನೆ. ಮರ ಹತ್ತಲು ಬರುತ್ತದಾ ಅಂತ ಕೇಳಿದ. ಇಲ್ಲ ಅಂದೆವು. ಒಳ್ಳೆಯದಾಯಿತು ಅಂದ."

"ನನ್ನ ಪಾದ ಒತ್ತಿ ನೋಡಿದ," ಎಂದಳು ನಿಂಗಿ. "ಎಷ್ಟು ಮೆತ್ತಗಿದೆ ಅಂದ."

ಭರಮವ್ವನ ಬೆನ್ನಿನ ಜೂಲು ಒಂದೊಂದಾಗಿ ನಿಮಿರಿತು. ದಿನವೂ ಕೇಳಿದ ಹೊಗಳಿಕೆಯ ಮಾತುಗಳು ಈಗ ಬೇರೆಯೇ ಬಣ್ಣದಲ್ಲಿ ಕಂಡವು. ಪೇಟೆಗೆ ಹೋದವರು ಹಣ್ಣು ಕೊಳ್ಳುವ ಮುನ್ನ ಒತ್ತಿ ನೋಡುತ್ತಾರಂತೆ. ಸಾತಪ್ಪ ನೋಡಿದ್ದೂ ಅದನ್ನೇ. ಅವಳು ಮಕ್ಕಳನ್ನು ಹಣ್ಣಾಗಿಸುತ್ತಿದ್ದಳು, ಅವನು ಕಾಯುತ್ತಿದ್ದ.

ಅವಳು ಮಕ್ಕಳಿಬ್ಬರನ್ನೂ ಹತ್ತಿರ ಎಳೆದುಕೊಂಡಳು. "ಹೇಳಿದ್ದು ಒಳ್ಳೆಯದಾಯಿತು. ಅವ್ವನಿಗೆ ಹೇಳಬೇಡ ಅಂತ ಯಾರಾದರೂ ಅಂದರೆ, ಮೊದಲು ಹೇಳಬೇಕಾದದ್ದು ಅದನ್ನೇ. ನಾನು ಬೈಯುವುದಿಲ್ಲ."

"ಹಣ್ಣು ತಿಂದದ್ದಕ್ಕೂ?"

"ಹಣ್ಣು ತಿಂದದ್ದಕ್ಕೂ."

ಮರುದಿನ ಸಾತಪ್ಪ ಬಂದಾಗ ಭರಮವ್ವ ಹಿಂಗಾಲುಗಳ ಮೇಲೆ ಎದ್ದು ನಿಂತಳು. "ಸಾತಪ್ಪ, ಇನ್ನು ಈ ಕಡೆ ಕಾಲಿಡಬೇಡ," ಎಂದಳು. ಅದಕ್ಕಿಂತ ಹೆಚ್ಚು ಮಾತು ಬೇಕಾಗಲಿಲ್ಲ. ಸಾತಪ್ಪ ನಗುತ್ತಲೇ ಹೋದ. ಆ ನಗುವನ್ನು ನೋಡಿದ ಭರಮವ್ವನಿಗೆ ಒಂದು ವಿಷಯ ಸ್ಪಷ್ಟವಾಯಿತು. ಒಂದು ನರಿಯನ್ನು ಓಡಿಸಬಹುದು, ಕಾಡಿನ ನರಿಗಳನ್ನೆಲ್ಲ ಓಡಿಸಲು ಒಬ್ಬ ತಾಯಿಯ ಆಯುಷ್ಯ ಸಾಲದು. ಅಷ್ಟೇ ಅಲ್ಲ, ಓಡಿಸಿದ ನರಿಗೂ ತಿರುಗಿ ಬರುವ ದಾರಿ ಗೊತ್ತಿರುತ್ತದೆ.

ಅವಳು ನೇರವಾಗಿ ದಿಬ್ಬದ ಬಿಲಕ್ಕೆ ಹೋದಳು. ಹೊರಗೆ ನಿಂತು, "ಭರಮವ್ವ ಬಂದಿದ್ದೇನೆ," ಎಂದಳು.

"ಬಾ," ಎಂದಳು ಸಂಕವ್ವ. ಎಲ್ಲವನ್ನೂ ಕೇಳಿದಳು. ನಾನು ಅಂದೇ ಹೇಳಿರಲಿಲ್ಲವೇ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ದೊಡ್ಡವರೂ ಕೆಲವೊಮ್ಮೆ ಬಾಯಿ ಮುಚ್ಚಬೇಕಾಗುತ್ತದೆ.

"ನಾಳೆ ಬೆಳಿಗ್ಗೆಯಿಂದ ಶುರು ಮಾಡು," ಎಂದಷ್ಟೇ ಹೇಳಿದಳು. "ಮೊದಲು ನಿನ್ನ ಕೈ ಕಟ್ಟಿಕೋ. ಅದೇ ಕಷ್ಟ."

ಅದು ನಿಜವಾಗಿಯೂ ಕಷ್ಟವಾಯಿತು. ಮರುದಿನ ಬೆಳಗಿನ ತಂಪಿನಲ್ಲಿ ಭರಮವ್ವ ಮಕ್ಕಳನ್ನು ಬೆನ್ನಿನಿಂದ ಇಳಿಸಿದಳು. ಎಲೆ ಹಾಸಲಿಲ್ಲ. ನಿಂಗಿ ನಾಲ್ಕು ಹೆಜ್ಜೆ ಇಟ್ಟು ಕುಸಿದಳು. ಹುಲುಗ ಎರಡು ಹೆಜ್ಜೆ ಇಟ್ಟು, "ನೆಲ ಚುಚ್ಚುತ್ತದೆ," ಎಂದು ಕೂತುಬಿಟ್ಟ.

"ಚುಚ್ಚಲಿ. ಅದು ನೆಲ. ನಾಳೆ ಕಡಿಮೆ ಚುಚ್ಚುತ್ತದೆ."

ಮೂರನೆಯ ದಿನ ಇಪ್ಪೆ ಮರ ಹತ್ತುವ ಪಾಠ ಶುರುವಾಯಿತು. ಉಗುರನ್ನು ತೊಗಟೆಯ ಸೀಳಿಗೆ ಹಾಕಬೇಕು, ಹಿಂಗಾಲಿನಿಂದ ಒದೆಯಬೇಕು, ಕೆಳಗೆ ನೋಡಬಾರದು. ಹುಲುಗ ಆ ದಿನ ಏಳು ಸಲ ಬಿದ್ದ. ಅವನು ಜಾರಿದಾಗಲೆಲ್ಲ ಭರಮವ್ವನ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು. ಕೊನೆಗೆ ಅವಳು ತನ್ನ ಎರಡೂ ಮುಂಗೈಗಳನ್ನು ಹೊಟ್ಟೆಯ ಕೆಳಗೆ ಮಡಚಿಟ್ಟು ಅವುಗಳ ಮೇಲೆ ಕುಳಿತುಬಿಟ್ಟಳು.

"ಅವ್ವ, ನೀನು ಹಿಡಿಯಬಾರದಾ?"

"ಹಿಡಿಯಬಹುದು. ಹಿಡಿದರೆ ನಾಳೆಯೂ ಇದನ್ನೇ ಕೇಳುತ್ತೀಯ."

"ನೀನು ಮೊದಲು ಒಳ್ಳೆಯವಳಾಗಿದ್ದೆ," ಎಂದ ಹುಲುಗ, ಮೊಣಕಾಲು ನೆಕ್ಕಿಕೊಳ್ಳುತ್ತ.

ಆ ಮಾತು ಅವಳಿಗೆ ಮುಳ್ಳಿಗಿಂತ ಹೆಚ್ಚು ಚುಚ್ಚಿತು. ಅವಳು ಎದ್ದು ಬಂದು ಗಾಯ ನೆಕ್ಕಿದಳು. ಹೊತ್ತುಕೊಳ್ಳಲಿಲ್ಲ. "ಬೀಳುವುದು ತಪ್ಪಲ್ಲ. ಬೀಳುವಾಗ ಕೈಕಾಲು ಚಾಚಿ ಬೀಳುತ್ತೀಯಲ್ಲ, ಅದು ತಪ್ಪು. ತಲೆಯನ್ನು ಹೊಟ್ಟೆಗೆ ಸೇರಿಸಿ ಚೆಂಡಾಗು. ಉರುಳಿ ಏಳು. ಈಗ ಎಂಟನೆಯ ಸಲ ಬೀಳು, ನೋಡುತ್ತೇನೆ."

ಎಂಟನೆಯ ಸಲ ಬೀಳು ಎಂದು ತಾಯಿಯೇ ಹೇಳಿದ್ದು ಹುಲುಗನಿಗೆ ತಮಾಷೆಯಾಗಿ ಕಂಡಿತು. ಅವನು ಬೇಕೆಂದೇ ಬಿದ್ದ, ಚೆಂಡಿನಂತೆ ಉರುಳಿದ, ಎದ್ದು ನಕ್ಕ. ಆಮೇಲೆ ನಿಂಗಿಯೂ ಬಿದ್ದಳು. ಆ ಬೆಳಿಗ್ಗೆಯೆಲ್ಲ ಬೀಳುವುದೇ ಆಟವಾಯಿತು.

ಹತ್ತುವುದರ ಜೊತೆಗೆ ಭರಮವ್ವ ಇನ್ನೆರಡು ಮಾತುಗಳನ್ನು ಅವರ ತಲೆಯಲ್ಲಿ ನೆಟ್ಟಳು. ಒಂದನ್ನು ನಡೆಯುವಾಗ ಹೇಳಿಸಿದಳು, ಇನ್ನೊಂದನ್ನು ಊಟಕ್ಕೆ ಕೂರುವ ಮೊದಲು ಹೇಳಿಸಿದಳು. ದಿನವೂ ಹೇಳಿಸಿದಳು.

"ನಿಮ್ಮ ಅವ್ವ ಕರೆಯುತ್ತಿದ್ದಾಳೆ ಅಂತ ಯಾರಾದರೂ ಬಂದರೆ?"

"ಅವ್ವ ಯಾರ ಬಾಯಲ್ಲೂ ಹೇಳಿ ಕಳಿಸುವವಳಲ್ಲ. ಬೇಕಿದ್ದರೆ ತಾನೇ ಬರುತ್ತಾಳೆ."

"ನನ್ನ ತಲೆ ಹುತ್ತದಲ್ಲಿದ್ದಾಗ ಭಯವಾದರೆ?"

"ಮೊದಲು ಹತ್ತಬೇಕು. ಆಮೇಲೆ ಬೆನ್ನಿಗೆ ಏನಾದರೂ ಎಸೆಯಬೇಕು."

"ಕೂಗಬಾರದಾ?"

"ಕೂಗಿದರೆ ನಿನಗೆ ಕೇಳಿಸುವುದಿಲ್ಲ, ಅವ್ವ. ನಿನ್ನ ಊಟದ ಸದ್ದು ಹಾಗಿರುತ್ತದೆ," ಎನ್ನುತ್ತಿದ್ದ ಹುಲುಗ. ಅವನು ಅದನ್ನು ನಟಿಸಿಯೂ ತೋರಿಸುತ್ತಿದ್ದ. ಭರಮವ್ವ ಆ ನಟನೆಯನ್ನು ಮೆಚ್ಚಲಿಲ್ಲ. ಉತ್ತರ ಸರಿಯಾಗಿದ್ದುದರಿಂದ ಸುಮ್ಮನಿದ್ದಳು.

ಹೀಗೆ ಒಂದು ತಿಂಗಳು ಕಳೆಯಿತು. ಇಬ್ಬರ ಪಾದಗಳೂ ಒಣಗಿದ ಚಕ್ಕಳದಂತೆ ಗಟ್ಟಿಯಾದವು. ಭರಮವ್ವನ ಬೆನ್ನು ಹಗುರಾಯಿತು. ಅವಳು ಬಹಳ ದಿನಗಳ ಮೇಲೆ ಒಂದು ಜೇನು ಕಿತ್ತು ತಂದಳು. ಒಂದು ತುಂಡನ್ನು ಎಲೆಯಲ್ಲಿ ಸುತ್ತಿ ಸಂಕವ್ವನ ಬಾಗಿಲಿಗೂ ಕೊಟ್ಟಳು. ಆದರೆ ನಡೆಯುವಾಗ ಆಗಾಗ ಅವಳು ತಿರುಗಿ ಬೆನ್ನನ್ನು ನೋಡಿಕೊಳ್ಳುತ್ತಿದ್ದಳು. ಹಗುರಾದ ಬೆನ್ನಿಗೂ ಒಂದು ನೋವಿರುತ್ತದೆ.

ಸಾತಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ಅವನು ಒಂದು ತಿಂಗಳು ಆಚೆಯ ಗುಡ್ಡದಲ್ಲಿ ಕಾಲ ತಳ್ಳಿದ್ದ. ಕೊನೆಗೂ ಒಂದು ಮಧ್ಯಾಹ್ನ ಭರಮವ್ವನ ಊಟದ ಸದ್ದು ಅವನ ಕಿವಿಗೆ ಬಿತ್ತು. ಅವನು ಪೊದೆಯಿಂದ ಪೊದೆಗೆ ನುಸುಳಿ ಬಂದ. ಭರಮವ್ವನ ತಲೆ ಹುತ್ತದೊಳಗಿತ್ತು. ಮರಿಗಳು ಎಂದಿನಂತೆ ಇಪ್ಪೆ ಮರದ ಬುಡದಲ್ಲಿ ಕುಳಿತಿದ್ದವು. ಸಾತಪ್ಪನ ಬಾಯಲ್ಲಿ ನೀರೂರಿತು. ಬಾಯಲ್ಲಿದ್ದ ಸೀತಾಫಲವನ್ನು ಕೆಳಗಿಟ್ಟ.

"ಎಷ್ಟು ದಿನವಾಯಿತು ಮಕ್ಕಳೇ. ಬನ್ನಿ, ಹಣ್ಣು ತಂದಿದ್ದೇನೆ."

"ನಮಗೆ ಬೇಡ," ಎಂದಳು ನಿಂಗಿ. ಅವಳು ನಿಧಾನವಾಗಿ ಎದ್ದು ಮರಕ್ಕೆ ಬೆನ್ನು ಕೊಟ್ಟು ನಿಂತಳು.

"ಬೇಡವಾ? ಹೋಗಲಿ. ನಿಮ್ಮ ಅವ್ವನೇ ನನ್ನನ್ನು ಕಳಿಸಿದ್ದು. ಆ ಬಂಡೆಯ ಹಿಂದೆ ಹೊಸ ಹುತ್ತ ಇದೆಯಂತೆ, ಮಕ್ಕಳನ್ನು ಕರೆದುಕೊಂಡು ಹೋಗಿ ಕೂರಿಸು, ನಾನು ಬರುತ್ತೇನೆ ಅಂದಳು."

ಹುಲುಗ ಅಕ್ಕನ ಮುಖ ನೋಡಿದ. ಅವನಿಗೆ ನಗು ಬಂತು. "ಅವ್ವನ ತಲೆ ಅಲ್ಲಿದೆ. ಯಾವ ಬಾಯಿಂದ ಹೇಳಿದಳು?"

"ನಮ್ಮ ಅವ್ವ ಯಾರ ಬಾಯಲ್ಲೂ ಹೇಳಿ ಕಳಿಸುವವಳಲ್ಲ," ಎಂದಳು ನಿಂಗಿ. "ಹತ್ತು, ಹುಲುಗ."

ಸಾತಪ್ಪನ ನಗು ಮಾಯವಾಯಿತು. ಎರಡು ಹೆಜ್ಜೆಗೆ ಬೀಳುವ ಮಕ್ಕಳು ಎಲ್ಲಿಗೆ ಹೋದಾವು ಎಂದು ಅವನು ಅವಸರ ಮಾಡದೆ ಮುಂದೆ ಬಂದ. ಅವನು ಮಾಡಿದ ತಪ್ಪು ಅದೊಂದೇ. ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ನಿಂಗಿ ತಮ್ಮನನ್ನು ಹಿಂದಿನಿಂದ ನೂಕಿ, ತಾನೂ ಇನ್ನೊಂದು ಬದಿಯಿಂದ ಏರತೊಡಗಿದಳು. ಸಾತಪ್ಪ ಬೆಚ್ಚಿ ಹಾರಿದ. ಹುಲುಗನ ಹಿಂಗಾಲಿನ ಬಳಿ ಬಾಯಿ ಹಾಕಿದ. ಸಿಕ್ಕಿದ್ದು ಬಾಯಿ ತುಂಬ ಕೂದಲು. ಆದರೆ ಆ ಎಳೆತಕ್ಕೆ ಹುಲುಗನ ಉಗುರು ತೊಗಟೆಯಿಂದ ಕಿತ್ತುಬಂತು. ಅವನು ಬಿದ್ದ.



ಹುಲುಗ ಬೀಳುತ್ತ ತಲೆಯನ್ನು ಹೊಟ್ಟೆಗೆ ಸೇರಿಸಿದ. ಚೆಂಡಾದ. ಗುಂಡುಕಲ್ಲಿನಂತೆ ನೇರವಾಗಿ ಸಾತಪ್ಪನ ಮೂಗಿನ ಮೇಲೆ ಬಿದ್ದು, ಆಚೆಗೆ ಉರುಳಿ, ಎದ್ದ. ಸಾತಪ್ಪ ಕೂದಲು ಗಂಟಲಿಗೆ ಸಿಕ್ಕಿ ಕೆಮ್ಮುತ್ತಿರುವಾಗ ಅವನು ಮರದ ಇನ್ನೊಂದು ಬದಿಯಿಂದ ಸರಸರನೆ ಹತ್ತಿ ಅಕ್ಕನ ಪಕ್ಕದ ಕೊಂಬೆ ಸೇರಿದ. ಬಿದ್ದು ಬಿದ್ದು ಅಭ್ಯಾಸವಾದವನಿಗೆ ಅದು ಇನ್ನೊಂದು ಸಲ ಬಿದ್ದಂತಾಯಿತು, ಅಷ್ಟೇ.

ನಿಂಗಿ ಒಂದು ಒಣ ಕೊಂಬೆ ಮುರಿದು ಎಸೆದಳು. ಅದು ಹುತ್ತದ ಆಚೆ ಬಿತ್ತು. ಭರಮವ್ವ ಹೀರುತ್ತಲೇ ಇದ್ದಳು. ನಿಂಗಿ ಇನ್ನೊಂದನ್ನು ಮುರಿದಳು. ಈ ಸಲ ಕಣ್ಣು ಕಿರಿದು ಮಾಡಿ ಗುರಿಯಿಟ್ಟಳು. ಕೊಂಬೆ ಭರಮವ್ವನ ನಡುಬೆನ್ನಿಗೆ ತಾಗಿತು.

ಒಂದು ಹಿಡಿ ತೂಕವೂ ಇರದ ಒಣ ಕೊಂಬೆ ಅದು. ಆದರೆ ಹತ್ತು ತಿಂಗಳು ಮಕ್ಕಳನ್ನು ಹೊತ್ತ ಬೆನ್ನು ಒಂದು ತಿಂಗಳಿನಿಂದ ಬರಿದಾಗಿತ್ತು. ಅಲ್ಲಿ ಎಲೆ ಬಿದ್ದರೂ ಅವಳಿಗೆ ತಿಳಿಯುತ್ತಿತ್ತು. ಭರಮವ್ವ ಮಣ್ಣು ಮೆತ್ತಿದ ಮೂತಿಯನ್ನು ಹೊರಗೆಳೆದು ತಿರುಗಿದಳು. ಮೊದಲು ಮರವನ್ನು ನೋಡಿದಳು. ಎರಡು ತಲೆಗಳು ಕಂಡವು. ಆಮೇಲೆ ಬುಡವನ್ನು ನೋಡಿದಳು.

ಈ ಸಲ ಅವಳು ಬಾಯಿ ಮುಚ್ಚಲಿಲ್ಲ. ಅವಳ ಗುಡುಗಿಗೆ ಬಂಡೆಗಳ ಮೇಲಿನ ಓತಿಕೇತಗಳು ಸಂದಿಗೆ ನುಗ್ಗಿದವು. ಸಾತಪ್ಪ ದಿಕ್ಕು ನೋಡದೆ ಓಡಿದ. ಹಿಂದೆ ಕರಡಿ, ಮುಂದೆ ದಿಬ್ಬ. ದಿಬ್ಬದಲ್ಲಿ ಗುಡಿಸಿ ಓರಣವಾಗಿಟ್ಟ ಒಂದು ಬಾಗಿಲು ಕಂಡಿತು. ಹೊರಗೆ ನಿಂತು ಹೆಸರು ಹೇಳುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ತಲೆ ತಗ್ಗಿಸಿ ಒಳಗೆ ನುಗ್ಗಿದ.

ಸಂಕವ್ವ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಹೇಳದೆ ಕೇಳದೆ ಒಳಗೆ ಬರುವವರಿಗೆ ಅವಳು ಮುಖ ತೋರಿಸುವುದಿಲ್ಲ, ಬೆನ್ನು ತೋರಿಸುತ್ತಾಳೆ. ಬೆನ್ನು ತೋರಿಸಿ, ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

ಒಳಗಿನಿಂದ ಬಂದ ಊಳನ್ನು ಆಚೆಯ ಗುಡ್ಡದವರೂ ಕೇಳಿಸಿಕೊಂಡರು. ಸಾತಪ್ಪ ಹೋದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಹೊರಗೆ ಬಂದ. ಅವನ ಮೂತಿಯ ತುಂಬ ಕಪ್ಪು ಬಿಳುಪಿನ ಮುಳ್ಳುಗಳು ನೆಟ್ಟಿದ್ದವು. ಸಂಕವ್ವ ಬಾಗಿಲಿಗೆ ಬಂದು ಎಲೆಗಳನ್ನು ಸರಿಸುತ್ತ, "ಹೆಸರು ಹೇಳಿ ಬರಬಾರದಿತ್ತೇ, ಸಾತಪ್ಪ?" ಎಂದು ಕೇಳಿದಳು. ಆ ಮುಳ್ಳುಗಳು ಉದುರುವ ಹೊತ್ತಿಗೆ ಸೀತಾಫಲದ ಕಾಲ ಮುಗಿದಿತ್ತು. ಬೆಲ್ಲದಂಥ ಮಾತಾಡುತ್ತಿದ್ದ ಬಾಯಿಗೆ ಮಾತಾಡುವುದಿರಲಿ, ತಿನ್ನುವುದೇ ನೋವಾಗಿತ್ತು. ಅವನು ಆ ಗುಡ್ಡದ ಕಡೆ ಮತ್ತೆ ತಲೆಹಾಕಲಿಲ್ಲ.

ಭರಮವ್ವ ಇಪ್ಪೆ ಮರದ ಕೆಳಗೆ ಬಂದು ನಿಂತಳು. "ಇಳಿಯಿರಿ," ಎಂದಳು. ಕೈ ಚಾಚಲಿಲ್ಲ. ಮೊದಲು ನಿಂಗಿ ಇಳಿದಳು, ಆಮೇಲೆ ಹುಲುಗ. ಅವಳು ಇಬ್ಬರನ್ನೂ ಕಿವಿಯಿಂದ ಬಾಲದವರೆಗೆ ಮೂಸಿ ನೋಡಿದಳು. ಹುಲುಗನ ತೊಡೆಯಲ್ಲಿ ಒಂದು ಹಿಡಿ ಕೂದಲು ಹೋಗಿತ್ತು. ಬೇರೆ ಏನೂ ಆಗಿರಲಿಲ್ಲ.

"ಮೊದಲ ಕೊಂಬೆ ಗುರಿ ತಪ್ಪಿತು, ಅವ್ವ," ಎಂದಳು ನಿಂಗಿ.

"ಆಚೆ ಬಿದ್ದಿದ್ದನ್ನು ನೋಡಿದೆ. ನಾಳೆಯಿಂದ ಎಸೆಯುವುದನ್ನೂ ಅಭ್ಯಾಸ ಮಾಡೋಣ," ಎಂದಳು ಭರಮವ್ವ. ಅವಳ ದನಿ ಬಿಗಿಯಾಗಿತ್ತು. ಆದರೆ ನಾಲಿಗೆ ಮಗಳ ಹಣೆಯನ್ನು ನೆಕ್ಕುತ್ತಲೇ ಇತ್ತು.

ಗವಿಗೆ ಮರಳುವಾಗ ಅವಳು ಹುಲುಗನ ನಡಿಗೆಯನ್ನೇ ನೋಡುತ್ತ ನಡೆದಳು. ಆಮೇಲೆ ನಿಂತು ಬೆನ್ನು ಬಗ್ಗಿಸಿದಳು. "ಹುಲುಗ, ಕಾಲು ನೋಯುತ್ತಿದ್ದರೆ ಹತ್ತಿಕೋ. ಇವತ್ತೊಂದು ದಿನ."

ಹುಲುಗ ಯೋಚಿಸಿದ. ಕಾಲು ಅಷ್ಟೇನೂ ನೋಯುತ್ತಿರಲಿಲ್ಲ. ಆದರೂ ಅವ್ವನ ಮುಖ ನೋಡಿ ಹತ್ತಿ ಕುಳಿತ, ಹಳೆಯ ಜಾಗದಲ್ಲಿ, ಹಳೆಯ ಜೂಲು ಹಿಡಿದು.

"ಆ ಚಪ್ಪಟೆ ಬಂಡೆಯವರೆಗೆ ಮಾತ್ರ," ಎಂದ. "ಆಮೇಲೆ ನಾನು ನಡೆಯುತ್ತೇನೆ. ನೀನು ಇತ್ತೀಚೆಗೆ ತುಂಬ ನಿಧಾನ."

ಬಂಡೆ ಬಂತು. ಅವನು ಹಾರಿದ, ಉರುಳಿದ, ಎದ್ದು ಅಕ್ಕನ ಹಿಂದೆ ಓಡಿದ. ಭರಮವ್ವ ಇಬ್ಬರನ್ನೂ ನೋಡುತ್ತ, ಹಗುರಾದ ಬೆನ್ನಿನೊಂದಿಗೆ, ತೃಪ್ತಿಯಿಂದ ಅವರ ಹಿಂದೆ ನಡೆದಳು.

ನೀತಿ: ಮಕ್ಕಳನ್ನು ಜೀವಮಾನವಿಡೀ ಹೊತ್ತು ಕಾಯಲಾಗುವುದಿಲ್ಲ. ಬಿದ್ದು ಏಳಲು, ಅಪಾಯವನ್ನು ಗುರುತಿಸಲು ಮತ್ತು ನಡೆದದ್ದನ್ನು ಅಂಜದೆ ತಾಯಿಗೆ ಹೇಳಲು ಕಲಿಸುವುದೇ ಅವರಿಗೆ ಕೊಡಬಹುದಾದ ನಿಜವಾದ ಕಾವಲು.